ಲೆಕ್ಕ ಸರಿ, ಕುರಿ ಬೇರೆ

ತೆಲಂಗಾಣ ಬೇಕೆಂದು ನೌಕರರೆಲ್ಲ ಕೆಲಸ ನಿಲ್ಲಿಸಿದ ಆ ದಿನಗಳಲ್ಲಿ ನಾನು ನಾರಾಯಣಖೇಡ್–ಜಹೀರಾಬಾದ್ ಸರ್ಕಾರಿ ಬಸ್ಸಿನ ಕಂಡಕ್ಟರ್. ಬಸ್ಸುಗಳು ಡಿಪೋದಲ್ಲಿ ನಿಂತುಬಿಟ್ಟವು. ಮನೆಯಲ್ಲಿ ಕೂತು ಕೂತು ಬೇಸರವಾಗಿ, ಸಿರ್ಗಾಪುರದ ಹತ್ತಿರ ಕುರಿ ಸಾಕಿಕೊಂಡಿದ್ದ ಸೋದರಮಾವನ ಮನೆಗೆ ಹೊರಟೆ. ಅರ್ಧ ದಾರಿ ಯಾರದೋ ಟ್ರ್ಯಾಕ್ಟರಿನಲ್ಲಿ, ಉಳಿದರ್ಧ ಕಾಲ್ನಡಿಗೆಯಲ್ಲಿ.

ನನ್ನ ಚೀಲದಲ್ಲಿ ಒಂದು ಕಾಗದದ ಕಟ್ಟಿತ್ತು. ಯಾರೋ ಕಾಲೇಜಿನವರು ಬಸ್ಸಿನ ಸೀಟಿನಲ್ಲಿ ಬಿಟ್ಟುಹೋಗಿದ್ದು. ಎಷ್ಟು ದಿನ ಕಾದರೂ ಕೇಳಿಕೊಂಡು ಯಾರೂ ಬರಲಿಲ್ಲ. ಲೋಜ್ಬಾನ್ ಎಂಬ ಭಾಷೆಯ ಪಾಠ ಅದು. ಯಾರ ತಾಯ್ನುಡಿಯೂ ಅಲ್ಲ, ಕೆಲವರು ಕೂತು ಕಟ್ಟಿದ ಭಾಷೆ. ಅದರ ಅಂಕಿಗಳು ನನಗೆ ಬಹಳ ಹಿಡಿಸಿದವು. ಪಾ, ರೆ, ಶಿ, ವೊ, ಮು, ಖಾ: ಆರರವರೆಗೆ ಇಷ್ಟೇ. ಮೂರಕ್ಕೆ ಆರು ಅಂಟಿಸಿ ಶಿಖಾ ಎಂದರೆ ಮೂವತ್ತಾರು. ಇನ್ನೊಂದು ವಿಚಿತ್ರವೂ ಇತ್ತು. ‘ಎಲ್ಲ’ ಎನ್ನುವುದಕ್ಕೆ ‘ರೊ’ ಎಂಬ ಮಾತು. ಅದನ್ನೂ ಅಂಕಿಗಳ ಸಾಲಿನಲ್ಲೇ ಕೂರಿಸಿದ್ದರು. ಎಣಿಸದೆ ಇರುವುದು ಅಂಕಿ ಹೇಗಾದೀತು ಎಂದು ನಾನು ಅಲ್ಲೊಂದು ಪ್ರಶ್ನೆಚಿಹ್ನೆ ಹಾಕಿದ್ದೆ.

ಮುಂದಿನ ಪುಟದಲ್ಲಿ, ಹೆಸರಿಸುವ ಮಾತಿನ ಮುಂದೆ ಬರುವ ಪುಟ್ಟ ಪದಗಳು. ಬರೀ ಕುರಿ ಎಂಬುದಕ್ಕೆ ‘ಲೊ’. ನನ್ನ ಮನಸ್ಸಿನಲ್ಲಿರುವ ಇಂಥದೇ ಕುರಿ ಎನ್ನಬೇಕಾದರೆ ‘ಲೆ’. ಹೆಸರಿಟ್ಟು ಕರೆಯುವುದಾದರೆ ‘ಲಾ’. ಇದೆಲ್ಲ ಕೆಲಸವಿಲ್ಲದವರ ಶೋಕಿ ಅನ್ನಿಸಿತು. ತಲೆ ಎಣಿಸುವುದು ನನ್ನ ಕಸುಬು. ತಲೆಗೂ ಟಿಕೆಟ್ಟಿಗೂ ತಾಳೆಯಾದರೆ ರೈಟ್ ರೈಟ್. ಯಾರ ತಲೆ ಎಂದು ನೋಡುತ್ತ ಕೂತರೆ ಬಸ್ಸು ಜಹೀರಾಬಾದ್ ಮುಟ್ಟುವುದಿಲ್ಲ.

ಒಂದು ದಿನ ಊರವರೆಲ್ಲ ರಸ್ತೆಯ ಮೇಲೆಯೇ ಅಡುಗೆ ಮಾಡಿ ಉಂಡು ಚಳವಳಿ ಮಾಡುವುದೆಂದಾಯಿತು. ಮಾವನೂ ಹೊರಟರು. ಕುರಿ ಕಾಯಲು ನಾನು. ಆ ಮನೆಯಲ್ಲಿ ಒಂದು ಕಟ್ಟುನಿಟ್ಟು: ಕುರಿಯನ್ನು ಎಣಿಸಬಾರದು.

“ಎಣಸಬ್ಯಾಡವ್ವಾ, ದೃಷ್ಟಿ ಆಗ್ತದ” ಎಂದರು ಮಾವ.

“ಬ್ಯಾರೆ ಮಾತಿನಾಗ ಎಣಸ್ತೀನ್ರಿ ಮಾವ. ಅದು ಯಾರ್ದೂ ಅಲ್ಲ, ಕುಂತು ಮಾಡ್ಯಾರ.”

ಮಾವ ಗಂಭೀರವಾಗಿ ಯೋಚಿಸಿದರು. “ಅವ್ರೂ ರಾಜ್ಯ ಕೇಳ್ತಾರೇನು?”

“ಇಲ್ರಿ.”

“ಹಂಗಿದ್ರ ದೃಷ್ಟಿ ತಗಲಾಂಗಿಲ್ಲ. ಎಣಸ್ಕೋ.”

ಅತ್ತೆ ಒಂದು ಕಂದು ಕುರಿಯ ಬೆನ್ನು ಸವರಿದರು. ಅದರ ಮರಿಗೆ ನಾಲ್ಕೇ ದಿನ. ಮರಿ ದೊಡ್ಡಿಯಲ್ಲೇ ಉಳಿಯುತ್ತಿತ್ತು. “ಸಂಜಿಗಿ ಇಕಿನ್ನ ಜ್ವಾಕಿಲೆ ತಾ. ಮರಿ ಬಾಟ್ಲಿ ಮುಟ್ಟಂಗಿಲ್ಲ, ಬ್ಯಾರೆ ಕುರಿ ಮೊಲಿನೂ ಕುಡಿಯಂಗಿಲ್ಲ” ಎಂದರು. ಶಿಖಾ ಎಂದು ಎಣಿಸಿ ಹೊರಟೆ.

ಮಧ್ಯಾಹ್ನ ಹಳ್ಳದಲ್ಲಿ ಪಕ್ಕದೂರಿನ ಮುದುಕಿಯೊಬ್ಬಳ ಹಿಂಡು ಎದುರಾಗಿ ಎರಡೂ ಕಲೆತುಹೋದವು. ಮುದುಕಿ ಒಂದೊಂದನ್ನೇ ನೋಡಿ ನೋಡಿ ಬೇರೆ ಮಾಡುತ್ತಿದ್ದಳು. ನನಗೆ ಅಷ್ಟು ತಾಳ್ಮೆ ಎಲ್ಲಿಯದು? ಕೋಲು ಅಡ್ಡ ಹಿಡಿದು ಎಣಿಸಿದೆ; ಶಿಖಾ ಆದ ಕೂಡಲೇ ರೈಟ್ ರೈಟ್ ಎಂದು ಹೊರಟೆ. ಮುದುಕಿ ಹಿಂದಿನಿಂದ ಏನೋ ಕೂಗಿದಳು. ಬಸ್ಸು ಬಿಟ್ಟ ಮೇಲೆ ಕೂಗುವವರು ದಿನವೂ ಇರುತ್ತಾರೆ. ತಿರುಗಿ ನೋಡುವ ಅಭ್ಯಾಸ ನನಗಿಲ್ಲ.

ಸಂಜೆ ದೊಡ್ಡಿಯ ಬಾಗಿಲಲ್ಲಿ ಮತ್ತೆ ಎಣಿಸಿ ತೋರಿಸಿದೆ. ಶಿಖಾ. ಬೀಗುತ್ತ ನಿಂತೆ. ಮರಿ ಒಂದೊಂದೇ ಕುರಿಯ ಕಾಲಡಿ ನುಸುಳಿ, ಮೂಸಿ, ಒದೆ ತಿಂದು, ಕೊನೆಗೆ ಗೋಡೆಯ ಹತ್ತಿರ ನಿಂತು ಅರಚತೊಡಗಿತು. ಮಾವ ಹಿಂಡಿನ ಮೇಲೆ ಒಮ್ಮೆ ಕಣ್ಣಾಡಿಸಿದರು, ಅಷ್ಟೇ.

“ಕಂದಾಕಿ ಎಲ್ಲಿ? ಈ ಬಿಳಿ ಕಿವೀದು ಯಾರ್ದು?”

“ಲೆಕ್ಕ ಬರೋಬ್ಬರಿ ಅದರಿ ಮಾವ” ಎಂದೆ, ನಾಚಿಕೆಯಿಲ್ಲದೆ.

“ಲೆಕ್ಕ ಬರೋಬ್ಬರಿ ಅದ. ನೀ ಕುರಿ ತಂದಿ. ನಮ್ಮ ಕುರಿ ತರಲಿಲ್ಲ.”

ಅತ್ತೆ ಬಾಟಲಿ ಹಿಡಿದು ಕೂತರು. ಮರಿ ಬಾಯಿ ತೆರೆಯಲಿಲ್ಲ. ಅದರ ಹೊಟ್ಟೆ ಒಳಗೆ ಹೋಗಿತ್ತು. ನನಗೆ ಅಳು ಬಂತು, ತಡೆಯಲಿಲ್ಲ. ಕಂಡಕ್ಟರ್ ಎಂಬ ಠೇಂಕಾರವೆಲ್ಲ ಅಲ್ಲೇ ಇಳಿದುಹೋಯಿತು.

ಬಿಳಿ ಕಿವಿಯದನ್ನು ಎಳೆದುಕೊಂಡು ಮಾವನೂ ನಾನೂ ಹಳ್ಳದ ಕಡೆ ಓಡಿದೆವು. ಊರು ದಾಟುವಷ್ಟರಲ್ಲೇ ಮುದುಕಿ ಎದುರು ಬಂದಳು, ಕಂದು ಕುರಿಯ ಕೊರಳಿಗೆ ಹಗ್ಗ ಹಾಕಿಕೊಂಡು.

“ಮರಿ ಹಸದಿರಬೇಕು ಅಂತ ಓಡಿ ಬಂದೆ” ಎಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಯಾರ್ರಿ ಇಕಿ?”

“ನಮ್ಮಕ್ಕನ ಮಗಳು. ಕಂಡಕ್ಟರ್ ಅದಾಳ.”

“ಹೌದೇನು. ಅದಕ್ಕೇ ಎಷ್ಟು ಕೂಗಿದ್ರೂ ನಿಲ್ಸಲಿಲ್ಲ.”

ಮರಿ ಬಾಲ ಆಡಿಸುತ್ತ ಹಾಲು ಕುಡಿಯುವುದನ್ನು ಅತ್ತೆಯ ಪಕ್ಕ ಕೂತು ನೋಡಿದೆ. ಅತ್ತೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ಮಾವ ಕೋಲನ್ನು ಮತ್ತೆ ನನ್ನ ಕೈಗೇ ಕೊಟ್ಟರು. ಹೊರಡುವ ಮುನ್ನ ಬಾಗಿಲಲ್ಲಿ ಒಂದೊಂದನ್ನೇ ತಡೆದು ನಿಲ್ಲಿಸಿ ಪರಿಚಯ ಮಾಡಿಸಿದರು. ಇಕಿ ಕುಂಟಿ, ಇಕಿ ಆಕಿ ಮಗಳು, ಇಂವ ಮುಳ್ಳು ಕಂಡ್ರ ಅಂಜತಾನ. ಬಿಸಿಲೇರುವ ತನಕ ಇದೇ ನಡೆಯಿತು. ಸಾಲದ್ದಕ್ಕೆ ಅಲ್ಲಲ್ಲಿ ಪರೀಕ್ಷೆ ಬೇರೆ; ನಾನು ಎರಡು ಸಲ ಕುಂಟಿಯ ಮಗಳನ್ನೇ ಕುಂಟಿಯ ಅತ್ತೆಯನ್ನಾಗಿ ಮಾಡಿದೆ.

ಆ ಸಂಜೆ ಹಿಂಡು ಹೊಡೆದುಕೊಂಡು ಬಂದಾಗ ಮಾವ ಬಾಗಿಲಲ್ಲೇ ಕೂತಿದ್ದರು. ಅವರ ಮೀಸೆಯಡಿ ನಗು ಇತ್ತು.

“ಎಷ್ಟು ಬಂದವವ್ವಾ?”

ಒಮ್ಮೆ ಎಲ್ಲರ ಮುಖ ನೋಡಿದೆ.

“ಎಷ್ಟೋ ಗೊತ್ತಿಲ್ರಿ ಮಾವ. ಎಲ್ಲಾರೂ ಬಂದಾರ.”