ಹೋಗಿ ಬಂದ ಕರೆಂಟು

ಮಧ್ಯಾಹ್ನದ ನಿದ್ದೆಯಿಂದ ಅರ್ಧಕ್ಕೆ ಎಬ್ಬಿಸಿದರೆ ನಮ್ಮ ಯಜಮಾನರು ಕೇಳಿದ್ದಕ್ಕೆಲ್ಲ ‘ಹ್ಞೂಂ’ ಎನ್ನುತ್ತಾರೆ. ಕಾಫಿ ಕುಡಿದ ಮೇಲೆ ಯಾವುದೂ ನೆನಪಿರುವುದಿಲ್ಲ. ಈ ಗೃಹಸತ್ಯದೊಳಗೆ ಒಂದು ವಿದ್ಯುತ್ ತತ್ತ್ವ ಅಡಗಿದೆಯೆಂಬುದು, ಶಾಲೆಯಲ್ಲಿ ವಿಜ್ಞಾನ ಬೋಧಿಸಿಯೇ ತಲೆ ನರೆಸಿಕೊಂಡ ನನಗೆ, ನಿವೃತ್ತಿಯ ನಂತರವಷ್ಟೇ ಹೊಳೆಯಿತು.

ಗೋವಿಂದರಾಜನಗರದ ನಮ್ಮ ಮನೆಯಲ್ಲಿ ಸಂಪು, ಮೋಟಾರು, ಅದರ ಸ್ವಿಚ್ಚು ಎಲ್ಲ ಕೆಳಗೆ. ನಾವಿಬ್ಬರು ಮಹಡಿಯ ಮೇಲೆ. ಮಂಡಿ ಆಪರೇಷನ್ ಆದ ಯಜಮಾನರಿಗೆ ಮೆಟ್ಟಿಲು ನಿಷಿದ್ಧ. ಆದರೆ ಮೋಟಾರು ಹಾಕುವ ಅಧಿಕಾರವನ್ನು ಅವರು ಯಾರಿಗೂ ಬಿಟ್ಟುಕೊಡುವವರಲ್ಲ. ಅದಕ್ಕೇ ನಾನು ಉಗುರಿನಷ್ಟು ಮೈಕ್ರೋಕಂಟ್ರೋಲರ್ ಚಿಪ್ಪೊಂದನ್ನು ಕೂರಿಸಿ, ಟ್ಯಾಂಕಿನ ನೀರು ನೋಡಿ ತಾನೇ ಮೋಟಾರು ಹಾಕಿ ತಾನೇ ಆರಿಸುವ ಪೆಟ್ಟಿಗೆಯೊಂದನ್ನು ಮಾಡಿ, ಬೀದಿಗೆಲ್ಲ ಹೇಳಿಕೊಂಡು ಬೀಗಿದೆ.

ನಮ್ಮ ಬೀದಿಯ ಕರೆಂಟಿಗೋ ಕಣ್ಣು ಮಿಟುಕಿಸುವ ಚಟ. ಹೋದರೆ ಅಡ್ಡಿಯಿಲ್ಲ, ಹೋದದ್ದು ತಕ್ಷಣ ಬಂದರೆ ಪೆಟ್ಟಿಗೆಗೆ ಮಂಕು ಬಡಿಯುತ್ತದೆ. ಮೋಟಾರು ಓಡುತ್ತಲೇ ಇರುತ್ತದೆ, ನಿಲ್ಲಿಸಬೇಕೆಂಬ ಪ್ರಜ್ಞೆ ಮಾತ್ರ ಇಲ್ಲ. ಆಗ ಬೀದಿಯ ಸನಾತನ ಸಂಪ್ರದಾಯದಂತೆ ಎದುರುಮನೆಯ ಸರೋಜಮ್ಮ ಕೂಗುತ್ತಾರೆ: “ಟೀಚರೇ, ಟ್ಯಾಂಕ್ ತುಂಬಿ ಸುರೀತಾ ಇದೆ, ಆಫ್ ಮಾಡ್ರೀ!” ಮೊನ್ನೆ ಆ ಕೂಗಿಗೆ ನಾನಿರಲಿಲ್ಲ. ತರಕಾರಿ ತಂದು ನೋಡಿದರೆ ಯಜಮಾನರು ಕೋಲೂರಿ ಮೆಟ್ಟಿಲ ನಡುವೆ ಬೆವರುತ್ತಿದ್ದಾರೆ. “ನಿನ್ ಡಬ್ಬಾ ನಂಬ್ಕೊಂಡ್ರೆ ಆಗಲ್ಲ ಕಣೇ. ಇನ್ಮೇಲೆ ನಾನೇ ಇಳೀತೀನಿ.” ಅವರನ್ನು ಕೈಹಿಡಿದು ಮೇಲೆ ಹತ್ತಿಸಿದೆ.

ದೋಷ ಹುಡುಕುತ್ತಾ ಕೂತೆ. ಬಂದ ಕರೆಂಟು ಸ್ಥಿರವಾಗುವವರೆಗೆ ಚಿಪ್ಪನ್ನು ‘ತಾಳು’ ಎಂದು ತಡೆದು, ಆಮೇಲೆ ಎಬ್ಬಿಸುವ ಕೆಲಸ, ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಒಂದು ಪುಟ್ಟ ಕೆಪಾಸಿಟರಿನದು. ಅದು ಖಾಲಿಯಿಂದ ತುಂಬಿಕೊಳ್ಳಲು ಹಿಡಿಯುವ ಹೊತ್ತೇ ಆ ತಡೆ. ಕರೆಂಟು ಥಟ್ಟನೆ ಹೋಗಿ ಬಂದರೆ ಅದು ಖಾಲಿಯಾಗಿರುವುದೇ ಇಲ್ಲ. ತಡೆಯುವವರಿಲ್ಲದೆ ಚಿಪ್ಪು ನಿದ್ದೆಗಣ್ಣಲ್ಲೇ ಕೆಲಸಕ್ಕಿಳಿಯುತ್ತದೆ. ನೋಡಿದಿರಾ, ಸಾಕ್ಷಾತ್ ನನ್ನ ಪತಿದೇವರೇ! ಅಕ್ಕಿಕಾಳಿನಷ್ಟು ಡಯೋಡೊಂದನ್ನು ಬೆಸೆದೆ, ಕರೆಂಟು ಹೋದ ಕ್ಷಣವೇ ಕೆಪಾಸಿಟರಿನಲ್ಲಿ ಉಳಿದದ್ದೆಲ್ಲ ಅದರ ಮೂಲಕ ಹರಿದುಹೋಗಲೆಂದು. ಹೊಸದಾಗಿ ಶುರುಮಾಡಲು ಮೊದಲು ಪೂರ್ತಿ ಬರಿದಾಗಬೇಕೆಂದು ಎಷ್ಟು ಪ್ರವಚನಗಳಲ್ಲಿ ಕೇಳಿ ತೂಕಡಿಸಿದ್ದೆನೋ!

ನಿನ್ನೆ ಮಧ್ಯಾಹ್ನ ಮೋಟಾರು ಓಡುತ್ತಿದ್ದಾಗ ಕರೆಂಟು ಹೋಗಿ ಬಂತು. ಯಜಮಾನರು ಗಡಬಡಿಸಿ ಎದ್ದು ಕೋಲಿಗೆ ಕೈಹಾಕಿದರು. ಕೆಳಗೆ ಒಂದು ಕ್ಷಣ ಮೌನ. ಆಮೇಲೆ ಮೋಟಾರು ಎದ್ದಿತು, ಟ್ಯಾಂಕು ತುಂಬಿತು, ತಾನೇ ನಿಂತಿತು. ಸರೋಜಮ್ಮನಿಗೇ ಗಾಬರಿ: “ಏನ್ ಟೀಚರೇ, ಇವತ್ತು ನೀರೇ ಸುರೀಲಿಲ್ಲ, ಮೋಟ್ರು ಕೆಟ್ಟೋಯ್ತಾ?”

“ಇನ್ಮೇಲೆ ಇಳಿಯಲ್ಲ ತಾನೇ?” ಎಂದು ಯಜಮಾನರನ್ನು ಕೇಳಿದೆ. “ಹ್ಞೂಂ” ಎಂದರು.

ನಾನು ನಂಬಲಿಲ್ಲ. ಕಾಫಿ ಕೊಟ್ಟೆ, ಲೋಟ ಬರಿದಾಗುವವರೆಗೆ ಕಾದು ಮತ್ತೆ ಅದನ್ನೇ ಕೇಳಿದೆ.

“ಇಳಿಯಲ್ಲ ಕಣೇ,” ಎಂದರು, “ನಿನ್ ಡಬ್ಬಾನೇ ನೋಡ್ಕೊಳತ್ತಲ್ಲ.”