ಸಾವ್ಕಾರರು ಕೈಬಿಡದ ರೆಕ್ಕೆ

2023ರ ಬೇಸಿಗೆಯಲ್ಲಿ ನಾನು ಹಿಮಾಚಲದ ಒಂದು ಬೆಟ್ಟದ ಸರೋವರದ ಮೇಲೆ ವಿಂಗ್‌ಸರ್ಫಿಂಗ್ ಕಲಿಸುವ ಸಹಾಯಕ ತರಬೇತುದಾರನಾಗಿದ್ದೆ. ಅಫಜಲಪುರ ತಾಲ್ಲೂಕಿನ ಕರಜಗಿಯವನು ನಾನು. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದಿದೆ, ಆ ಓದಿಗೆ ತಕ್ಕ ಕೆಲಸ ಸಿಗಲಿಲ್ಲ, ಕೆಲಸಕ್ಕೆ ತಕ್ಕಷ್ಟು ನಾನೂ ಓದಿರಲಿಲ್ಲ. ಭೀಮಾ ನದಿಯಲ್ಲಿ ಎಮ್ಮೆಯ ಬಾಲ ಹಿಡಿದು ಈಜಿದ್ದೇ ಜಲಕ್ರೀಡೆಯಲ್ಲಿ ನನಗಿದ್ದ ಅರ್ಹತೆ. ಬೆಟ್ಟದಲ್ಲಿ ಎರಡು ಸೀಸನ್ ಕಳೆಯುವಷ್ಟರಲ್ಲಿ ಕಪ್ಪು ಕನ್ನಡಕ, ಸಣ್ಣ ಜುಟ್ಟು, ಅರ್ಧ ಇಂಗ್ಲಿಷ್ ಮೂರೂ ಬಂದಿದ್ದವು. ಅವ್ವ ಫೋನಿನಲ್ಲಿ "ಊಟ ಆತೇನಪಾ" ಎಂದರೆ "ಪರ್ಫೆಕ್ಟ್" ಎನ್ನುತ್ತಿದ್ದೆ. ಆಗಿನ ನಾನು ಈಗ ಎದುರಿಗೆ ಸಿಕ್ಕರೆ ಕಪಾಳಕ್ಕೊಂದು ಬಿಡುತ್ತೇನೆ.

ವಿಂಗ್‌ಸರ್ಫಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ನೀರಿನ ಮೇಲೊಂದು ಅಗಲವಾದ ಬೋರ್ಡು. ಕೈಯಲ್ಲಿ ಗಾಳಿ ತುಂಬಿದ ಬಟ್ಟೆಯ ರೆಕ್ಕೆ, ಅದಕ್ಕೆ ಹಿಡಿಕೆಗಳಿರುತ್ತವೆ. ಗಾಳಿ ರೆಕ್ಕೆಯನ್ನು ಎಳೆಯುತ್ತದೆ, ರೆಕ್ಕೆ ನಿಮ್ಮನ್ನು ಎಳೆಯುತ್ತದೆ. ರೆಕ್ಕೆಯಿಂದ ಮಣಿಕಟ್ಟಿಗೆ ಲೀಶ್ ಎಂಬ ದಾರ ಇರುವುದರಿಂದ ಕೈಬಿಟ್ಟರೂ ಅದು ಎಲ್ಲಿಗೂ ಹೋಗುವುದಿಲ್ಲ. ಬಿಟ್ಟ ಕ್ಷಣಕ್ಕೆ ಗಾಳಿಯ ಹಿಡಿತ ತಪ್ಪಿ, ಒಗೆದು ಹಾಕಿದ ಲುಂಗಿಯ ಹಾಗೆ ನೀರಿನ ಮೇಲೆ ಬಿದ್ದುಕೊಳ್ಳುತ್ತದೆ. ಆದ್ದರಿಂದ ಈ ಆಟದಲ್ಲಿ ಜೀವ ಉಳಿಸುವ ನಿಯಮ ಒಂದೇ: ಹೆದರಿಕೆ ಆಯಿತೇ, ಕೈಬಿಡಿ. ಇದನ್ನು ಕಲಿಯಲು ಬುದ್ಧಿ ಬೇಕಿಲ್ಲ ಎಂದು ನಾನು ನಂಬಿದ್ದೆ.

ಮೇ ಕೊನೆಯಲ್ಲಿ ನಮ್ಮ ಕಡೆಯ ಇಬ್ಬರು ಬಂದರು. ಒಬ್ಬರು ಜೇವರ್ಗಿ ಕಡೆಯ ಜಮೀನ್ದಾರ ಶಿವಶರಣಪ್ಪ ಸಾವ್ಕಾರರು. ಐವತ್ತು ದಾಟಿದ ಆಳು, ಮೀಸೆಗೆ ಮಾತ್ರ ಮೂವತ್ತು. ಇನ್ನೊಬ್ಬರು ಆಳಂದದ ವಕೀಲ ಮಹಾಂತೇಶ. ಕೋರ್ಟಿನಲ್ಲಿ ಏನು ಮಾತಾಡುತ್ತಿದ್ದರೋ ಕಾಣೆ, ಸಾವ್ಕಾರರ ಮುಂದೆ ಅವರ ಬಾಯಿಂದ "ಹೌದ್ರಿ" ಬಿಟ್ಟು ಬೇರೆ ಮಾತು ಹೊರಡುತ್ತಿರಲಿಲ್ಲ. ಸಾವ್ಕಾರರು ಸೀನಿದರೂ "ಹೌದ್ರಿ". ವಕೀಲರು ಒಂದು ಚೀಲದ ತುಂಬ ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತಂದಿದ್ದರು. ಅದೊಂದಕ್ಕೆ ಅವರ ಮೇಲೆ ನನಗೆ ಗೌರವವಿತ್ತು.

ಮೊದಲ ಬೆಳಿಗ್ಗೆ ವೆಟ್‌ಸೂಟ್ ತೊಡಿಸಬೇಕಾಯಿತು. ಅದು ಚಳಿ ನೀರಿಗೆ ಹಾಕುವ ಬಿಗಿಯಾದ ರಬ್ಬರಿನ ಅಂಗಿ. ಸಾವ್ಕಾರರನ್ನು ಅದರೊಳಗೆ ತುಂಬಲು ನಾನು, ವಕೀಲರು, ಬೋಟು ಓಡಿಸುವ ಪ್ರೇಮ್ ಮೂವರೂ ಹೆಣಗಿದೆವು. ಕೊನೆಗೆ ಅವರು ಒತ್ತಿ ತುಂಬಿದ ಹತ್ತಿಯ ಅಂಡಿಗೆಯ ಹಾಗೆ ನಿಂತು, "ಫೋಟೋ ತಗಿ" ಅಂದರು. ವಕೀಲರು "ಹೌದ್ರಿ" ಎಂದು ಮೊಬೈಲ್ ತೆಗೆದರು. ಆ ಮೊಬೈಲ್ ಮತ್ತೆ ಕೆಳಗಿಳಿಯಲಿಲ್ಲ.

ದಂಡೆಯ ಮೇಲೆ ಪಾಠ ಶುರುವಾಯಿತು. ಸಾವ್ಕಾರರು ರೆಕ್ಕೆ ಹಿಡಿದರು, ಚೆನ್ನಾಗಿಯೇ ಹಿಡಿದರು. ತೊಂದರೆ ಮುಂದಿನದರಲ್ಲಿತ್ತು.

"ಈಗ ಕೈ ಬಿಡ್ರಿ, ಸಾವ್ಕಾರ್ರ."

"ಯಾಕ ಬಿಡಬೇಕು?"

"ಗಾಳಿ ಜೋರಾದಾಗ ಬಿಡಾಕ ಬೇಕ್ರಿ."

"ತಮ್ಮಾ, ನೀ ಕರಜಗಿಯಂವ ಅಂತಿ. ಕಾರಹುಣ್ಣಿಮಿ ದಿನ ಈ ಕೈಯಾಗಿಂದ ಹೋರಿ ಹಗ್ಗ ಜಾರಿದ್ದು ಯಾರರೆ ನೋಡ್ಯಾರೇನು, ಕೇಳಿ ನೋಡು."

"ಯಾರೂ ನೋಡಿಲ್ರಿ" ಎಂದರು ವಕೀಲರು. ಆಳಂದದ ಆ ಮನುಷ್ಯ ಒಂದು ಕಾರಹುಣ್ಣಿಮೆಗೂ ಜೇವರ್ಗಿಯ ಕಡೆ ತಲೆ ಹಾಕಿದವರಲ್ಲ.

ನಮ್ಮ ಕಡೆ ಕಾರಹುಣ್ಣಿಮೆಗೆ ಎತ್ತು, ಹೋರಿಗಳನ್ನು ಸಿಂಗರಿಸಿ ಓಡಿಸುತ್ತಾರೆ. ಹಗ್ಗ ಹಿಡಿದವನು ಮಣ್ಣಿನಲ್ಲಿ ಹೊರಳಾಡಲಿ, ಮೊಣಕೈ ಕಿತ್ತು ಹೋಗಲಿ, ಬಿಡುವ ಹಾಗಿಲ್ಲ. ಬಿಟ್ಟರೆ ಮುಂದಿನ ಕಾರಹುಣ್ಣಿಮೆಯವರೆಗೂ ಹೋಟೆಲಿನಲ್ಲಿ ಅವನಿಗೆ ಚಹಾ ಕೊಡುವ ಹುಡುಗನೂ "ಗಟ್ಟಿ ಹಿಡ್ಕೋರಿ, ಕಪ್ ಬಿಟ್ಟೀರಿ" ಎನ್ನುತ್ತಾನೆ. ಓಡುವ ಹೋರಿಯ ಮುಂದೆ ಈ ಶೌರ್ಯಕ್ಕೆ ಏನಾದರೂ ಅರ್ಥವಿದೆ. ಪ್ಲಾಸ್ಟಿಕ್ ಹಿಡಿಕೆಯ ಚೀನಾ ಬಟ್ಟೆಯ ಮುಂದೆ ಅದನ್ನು ಮೆರೆಸುವವರಿಗೆ ಏನು ಹೇಳುವುದು? ಬಹಳ ಹೇಳಿದ ಮೇಲೆ ಸಾವ್ಕಾರರು, ತೊಟ್ಟಿಲಿಗೆ ಕೂಸು ಇಳಿಸುವಂತೆ ರೆಕ್ಕೆಯನ್ನು ಎರಡೂ ಕೈಯಿಂದ ನೆಲಕ್ಕಿಟ್ಟು, "ಸಾಕೇನು?" ಅಂದರು. ಗಾಳಿ ಸಣ್ಣಗಿತ್ತು. ಬೋರ್ಡಿನ ಮೇಲೆ ಮೊಣಕಾಲೂರಿಸಿ, ದಂಡೆಯ ಹತ್ತಿರವೇ ಆಡಿಸೋಣ ಎಂದು ನೀರಿಗಿಳಿಸಿದೆ. ನಾನು, ಪ್ರೇಮ್ ಬೋಟಿನಲ್ಲಿ ಹಿಂದೆಯೇ ಇದ್ದೆವು.

ಬೆಟ್ಟದ ಸರೋವರದಲ್ಲಿ ಗಾಳಿ ಬೆಳಿಗ್ಗೆ ಮೇಲಿನಿಂದ ಮೆಲ್ಲಗೆ ಇಳಿಯುತ್ತದೆ, ಬಿಸಿಲೇರಿದ ಮೇಲೆ ಕಣಿವೆಯಿಂದ ಜೋರಾಗಿ ಏರುತ್ತದೆ. ಅಂದು ಆ ಜೋರು ಗಾಳಿ ಬೇಗ ಬಂತು. ಒಂದೇ ಎಳೆತಕ್ಕೆ ಸಾವ್ಕಾರರು ಬೋರ್ಡಿನಿಂದ ಉರುಳಿದರು. ಉರುಳುವುದು ದೊಡ್ಡ ವಿಷಯವಲ್ಲ, ಎಲ್ಲರೂ ಉರುಳುತ್ತಾರೆ. ಇವರು ರೆಕ್ಕೆ ಬಿಡಲಿಲ್ಲ. ಗಾಳಿ ತುಂಬಿದ ರೆಕ್ಕೆ ಅವರನ್ನು ನೀರಿನಲ್ಲಿ ದರದರ ಎಳೆಯತೊಡಗಿತು, ಕಾಲಿಗೆ ಕಟ್ಟಿದ ಬೋರ್ಡು ಹಿಂದೆ ಕುಣಿಯುತ್ತಿತ್ತು. ಎದುರು ದಂಡೆಯಲ್ಲಿ ಮರಳಿಲ್ಲ, ಚೂಪು ಬಂಡೆಗಳು. ಅಲೆಗಳು ಅಲ್ಲಿಗೇ ಹೋಗಿ ಅಪ್ಪಳಿಸುತ್ತಿದ್ದವು. ನೀರು ಹಿಮ ಕರಗಿ ಬಂದದ್ದು. ಸ್ವಲ್ಪ ಹೊತ್ತಾದರೆ ಬೆರಳು ಮರಗಟ್ಟಿ, ಬಿಡಬೇಕೆಂದರೂ ಬಿಡಲು ಬರುವುದಿಲ್ಲ.

ಪ್ರೇಮ್ ಬೋಟನ್ನು ಹತ್ತಿರ ಒಯ್ದ. ಆದರೆ ರೆಕ್ಕೆ ಹುಚ್ಚು ಹಿಡಿದಂತೆ ಬಡಿಯುತ್ತಿತ್ತು. ಇನ್ನೂ ಹತ್ತಿರ ಹೋದರೆ ಲೀಶ್ ಎಂಜಿನ್ನಿನ ಫ್ಯಾನಿಗೆ ಸುತ್ತಿಕೊಂಡು ನಾವೂ ಬಂಡೆಗೆ ಹೋಗುತ್ತಿದ್ದೆವು. ನಾನು ಮೊದಲು ಇಂಗ್ಲಿಷಿನಲ್ಲಿ ಕೂಗಿದೆ, ಆಮೇಲೆ ಹಿಂದಿಯಲ್ಲಿ. ಭಯ ಜಾಸ್ತಿಯಾದ ಮೇಲೆ ಜುಟ್ಟು, ಕನ್ನಡಕ ಎಲ್ಲ ಮರೆತು ನಮ್ಮ ಭಾಷೆಗೆ ಬಂದೆ.

"ಬಿಡ್ರಿ ಸಾವ್ಕಾರ್ರ! ಬಿಡ್ರಿ!"

ದಂಡೆಯಿಂದ ವಕೀಲರ ದನಿ ಕೇಳಿತು: "ಬಿಡಬ್ಯಾಡ್ರಿ ಸಾವ್ಕಾರ್ರ! ಗಟ್ಟಿ ಹಿಡೀರಿ! ವಿಡಿಯೋ ಛಲೋ ಬರಾಕತ್ತದ!"

ಆ ಕಪ್ಪು ಕೋಟಿನವರ ಮೇಲೆ ಅವತ್ತು ಹುಟ್ಟಿದ ತಿರಸ್ಕಾರ ಇನ್ನೂ ಹಾಗೇ ಇದೆ, ಹಳಸಿಲ್ಲ. ಸಿಟ್ಟಿನಲ್ಲಿ ನಾನು ಸಾವ್ಕಾರರಿಗೇ "ಬಿಡೋ ಹುಚ್ಚ ಮುದುಕಾ!" ಎಂದೆ. ಅವರು ಕಣ್ಣು ಕೆಕ್ಕರಿಸಿ ಮುಷ್ಟಿ ಇನ್ನೂ ಬಿಗಿ ಮಾಡಿದರು.

ಅದನ್ನು ಕಂಡಾಗಲೇ ನನಗೆ ಹೊಳೆದದ್ದು. ಈ ಮನುಷ್ಯ ಮುಳುಗಿಯಾನು, ಬಿಡಲಾರ. ಆದರೆ ಹೋರಿ ಓಡಿಸುವಲ್ಲಿ ಒಂದು ರೂಢಿಯಿದೆ: ಹಗ್ಗ ಬಿಟ್ಟರೆ ಅವಮಾನ, ಪಾಳಿ ಬಂದ ಇನ್ನೊಬ್ಬನ ಕೈಗೆ ಕೊಟ್ಟರೆ ಅವಮಾನವಿಲ್ಲ. ಸೊಂಟಕ್ಕೆ ಬೋಟಿನ ಹಗ್ಗ ಕಟ್ಟಿಕೊಂಡು ನೀರಿಗೆ ಹಾರಿದೆ. ಈಜಿ ಅವರ ಪಕ್ಕಕ್ಕೆ ಹೋದೆ. ಲೈಫ್ ಜಾಕೆಟ್ ತೇಲಿಸುತ್ತದೆಂಬ ನಂಬಿಕೆಯ ಮೇಲೆ ಎರಡೂ ಕೈ ಮುಗಿದೆ. ಒಂದು ಬೊಗಸೆ ಹಿಮದ ನೀರು ಗಂಟಲಿಗಿಳಿಯಿತು.

"ಸಾವ್ಕಾರ್ರ, ನಿಮ್ಮ ಪಾಳಿ ಮುಗೀತ್ರಿ. ಈಗ ನನಗ ಕೊಡ್ರಿ."

ಅವರ ಹಲ್ಲು ಕಟಕಟ ಎನ್ನುತ್ತಿದ್ದವು. "ಗಟ್ಟಿ... ಹಿಡೀತೀ?"

"ಹಿಡೀತೇನ್ರಿ."

"ಬಿಟ್ಟೀ ಮತ್ತ!"

"ಇಲ್ರಿ ಧಣಿ, ನಿಮ್ಮ ಆಣಿ."

ಒಂದೊಂದೇ ಬೆರಳು ತೆರೆದು ಹಿಡಿಕೆಯನ್ನು ನನ್ನ ಕೈಗಿತ್ತರು. ನಾನು ಗಂಭೀರವಾಗಿ ಸ್ವೀಕರಿಸಿದೆ. ಅವರು ಬೋಟಿನ ಕಡೆ ಮುಖ ತಿರುಗಿಸಿದ ಕೂಡಲೆ ಬಿಟ್ಟೆ. ರೆಕ್ಕೆ ತೆಪ್ಪಗೆ ಮಲಗಿತು. ಪ್ರೇಮ್ ನಮ್ಮಿಬ್ಬರನ್ನೂ ಎಳೆದುಕೊಂಡಾಗ ಬಂಡೆಯ ಮೇಲಿನ ಪಾಚಿ ಕಾಣುತ್ತಿತ್ತು.

ಕಂಬಳಿ ಹೊದ್ದು ಕೂತ ಮೇಲೆ ಸಾವ್ಕಾರರು ನೀರಿನ ಕಡೆ ನೋಡಿದರು. "ಬಿಟ್ಟಿಯಲ್ಲೋ!"

"ಜಾರಿತ್ರಿ."

"ನಿನ್ನ ಕೈಯಾಗಿಂದ?"

"ನನ್ನ ಕೈಯಾಗಿಂದಾ ರಿ."

ಅವರ ಮುಖಕ್ಕೆ ಬಣ್ಣ ಬಂತು. ಸಾವಿನ ಬಾಯಿಂದ ಬಂದದ್ದಕ್ಕಲ್ಲ, ಕರಜಗಿಯ ಹುಡುಗ ಸೋತದ್ದಕ್ಕೆ.

ದಸರೆಗೆ ಊರಿಗೆ ಬಂದಾಗ ಸಾವ್ಕಾರರು ಜೇವರ್ಗಿಯ ಒಂದು ಹೋಟೆಲಿನಲ್ಲಿ ಸಿಕ್ಕರು. ಸುತ್ತ ಮಂದಿ, ನಡುವೆ ವಕೀಲರ ವಿಡಿಯೋ. "ಕೈಮುಗಿದು ಕೇಳಿದ, ಪಾಪ ಅನಿಸ್ತು, ಕೊಟ್ಟೆ" ಎನ್ನುತ್ತಿದ್ದರು. ನನ್ನನ್ನು ಕಂಡು, "ಹೇಳೋ ತಮ್ಮಾ, ನಾ ಬಿಟ್ಟೆನೇನು?" ಎಂದರು. ಆ ಕಟಕಟ ಹಲ್ಲು, ಆ "ಗಟ್ಟಿ ಹಿಡೀತೀ", ಎಲ್ಲದರ ಅಣಕು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಕ್ಯಾಂಪಿನಲ್ಲಿ ಅದನ್ನು ಆಡಿ ತೋರಿಸಿ ಎಲ್ಲರನ್ನೂ ನಗಿಸಿದ್ದೆ. ಆದರೆ ಅವರ ಮಗ ವಿನೋದ ಪಕ್ಕದಲ್ಲಿ ನಿಂತಿದ್ದ. ಮುಂದಿನ ಸೀಸನ್ನಿಗೆ ನಮ್ಮ ಕ್ಯಾಂಪಿಗೆ ಹೆಸರು ಕೊಟ್ಟವನು. ಇಲ್ಲಿ ಅಪ್ಪ ನಗೆಪಾಟಲಾದರೆ, ಅಲ್ಲಿ ಮಗ ಬಂಡೆಗೆ ಬಡಿದರೂ ಕೈ ತೆರೆಯುವುದಿಲ್ಲ.

"ಇಲ್ರಿ, ಬಿಡಲಿಲ್ಲ. ಸರಿಯಾದ ಹೊತ್ತಿಗೆ ಕೊಟ್ರು. ನೀರಾಗ ಅದಾ ದೊಡ್ಡ ಗಂಡಸುತನ" ಎಂದೆ. ವಕೀಲರು "ಹೌದ್ರಿ" ಎಂದರು.

ಸಾವ್ಕಾರರ ಬಗ್ಗೆ ನನ್ನ ಅಭಿಪ್ರಾಯ ಕೂದಲೆಳೆಯಷ್ಟೂ ಬದಲಾಗಿಲ್ಲ. ಆದರೆ ನಿಯಮ ಎಷ್ಟೇ ಸರಿಯಿರಲಿ, ಪಾಲಿಸುವವನ ಮಾನಕ್ಕೆ ಅದರಲ್ಲೊಂದಿಷ್ಟು ಜಾಗವಿಲ್ಲದಿದ್ದರೆ ಅದು ಗೋಡೆಯ ಮೇಲೆ ಬರೆಯಲಷ್ಟೇ ಲಾಯಕ್ಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು.

ಮರುವರ್ಷ ವಿನೋದ ಬಂದ. ನಾಲ್ಕನೇ ದಿನ ನಡು ಸರೋವರದಲ್ಲಿ ಅವನನ್ನೂ ಜೋರು ಗಾಳಿ ಹಿಡಿಯಿತು. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಮಾತ್ರ ನನ್ನ ಬೋಟು ಇತ್ತು. ಅವನು ನನ್ನ ಕಡೆ ತಿರುಗಿ, "ತಗೋರಿ ಸರ್!" ಎಂದು ಕೂಗಿ ಎರಡೂ ಕೈ ತೆರೆದ. ನಾನು ದೂರದಿಂದಲೇ ಕೈ ಚಾಚಿ, ಬರಿಗಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.