ಕೋರಂ ಇಲ್ಲದ ಅರ್ಧ ಗಂಟೆ

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದು ಕೆಳಗಿನ ರಸ್ತೆಯಲ್ಲಿ ಕಾರುಗಳು ಒಂದೊಂದಾಗಿ ಹೊರಡುವ ಸದ್ದು ಕೇಳಿದರೆ ನನ್ನ ಕೈ ತಾನಾಗಿ ಚಾದ ಪಾತ್ರೆಗೆ ಹೋಗುತ್ತದೆ. ಪಾತ್ರೆಗೆ ನೀರು ಹಾಕಿ, ಒಲೆ ಹಚ್ಚದೆ, ಅಡುಗೆಮನೆಗೂ ಮುಂದಿನ ಕೋಣೆಗೂ ನಡುವೆ ಇರುವ ಪರದೆಯ ಹತ್ತಿರ ಹೋಗಿ ನಿಲ್ಲುತ್ತೇನೆ. ಆಚೆ ಎ.ಸಿ. ಒಂದೇ ಸಮನೆ ಗುಂಯ್ ಎನ್ನುತ್ತಿರುತ್ತದೆ. ಮಾತಿಲ್ಲ. ಕೋಣೆಯಲ್ಲಿ ಯಾರೂ ಇಲ್ಲ ಎಂದು ನನಗೆ ಗೊತ್ತು. ಆದರೆ ನನ್ನ ಗಂಡ ಬದುಕಿದ್ದಾಗಲೂ ಎಷ್ಟೋ ಶುಕ್ರವಾರ ಆ ಕೋಣೆ ಹೀಗೆಯೇ ಸುಮ್ಮನಿರುತ್ತಿತ್ತು. ಹಾಗಾಗಿ ಇದು ಆ ಸುಮ್ಮನೆಯೋ ಬೇರೆಯೋ ಎಂದು ಕಿವಿಗೆ ತಿಳಿಯುವುದಿಲ್ಲ.

ಇವರು ಸೌದಿಯ ಜಿದ್ದಾಕ್ಕೆ ಬರುವ ಮೊದಲು ಬೆಂಗಳೂರಿನಲ್ಲಿ, ಶಾಸನಸಭೆಯ ಸಮಿತಿಗಳ ಶಾಖೆಯಲ್ಲಿ ಟೈಪಿಸ್ಟ್ ಆಗಿದ್ದರು. ಕೆಲಸ ಖಾಯಂ ಆಗಲಿಲ್ಲ. ಅಲ್ಲಿಂದ ಅವರು ತಂದದ್ದು ಸಮಿತಿ ಸಭೆಗಳ ನಿಯಮಗಳ ಪುಸ್ತಕ ಒಂದೇ. ರಟ್ಟು ಹೋಗಿತ್ತು, ಮೊದಲ ಪುಟಗಳೂ ಇರಲಿಲ್ಲ. ಮದುವೆಯಾಗಿ ನಾನು ಇಲ್ಲಿನ ಅಜೀಜಿಯಾ ಬಡಾವಣೆಯ ಈ ಮನೆಗೆ ಬಂದಾಗ ಅದು ಕಪಾಟಿನಲ್ಲಿ, ಪಾಸ್‌ಪೋರ್ಟು, ವಾಸದ ಪರವಾನಗಿಯ ಇಕಾಮಾಗಳ ಪಕ್ಕದಲ್ಲಿತ್ತು. ಹತ್ತನೆಯ ತರಗತಿ ಓದಿದ ನನಗೆ ಅದರ ಭಾಷೆ ಕಷ್ಟ. ಆದರೂ ಹದಿನಾರು ವರ್ಷ ಪರದೆಯ ಈಚೆ ನಿಂತು ಕೇಳಿಸಿಕೊಂಡದ್ದರಿಂದ ಅರ್ಧ ಪುಸ್ತಕ ನನಗೆ ಬಾಯಿಪಾಠ.

ಸುತ್ತಮುತ್ತಲ ಕಟ್ಟಡಗಳ ಕನ್ನಡದವರು ಸೇರಿ ಒಂದು ಸಮಿತಿ ಮಾಡಿಕೊಂಡಿದ್ದರು. ಹೆಸರಿಲ್ಲ, ಬೋರ್ಡಿಲ್ಲ, ಏಳು ಜನ. ಯಾರೋ ಆಸ್ಪತ್ರೆಯಲ್ಲಿದ್ದರೆ, ಯಾರನ್ನೋ ಕೆಲಸಕ್ಕೆ ಕರೆಸಿದ ಕಫೀಲ್ ಕಾಗದಕ್ಕೆ ಸಹಿ ಹಾಕದೆ ಸತಾಯಿಸಿದರೆ, ತೀರಿಕೊಂಡ ಯಾರದೋ ಮಯ್ಯತ್ತನ್ನು ಊರಿಗೆ ಕಳಿಸಬೇಕಾದರೆ ಓಡಾಡುವವರು ಈ ಏಳು ಜನರೇ. ಒಬ್ಬರ ಮನೆಮಾತು ಬ್ಯಾರಿ, ಒಬ್ಬರದು ನವಾಯತಿ, ಒಬ್ಬರದು ಕೊಂಕಣಿ. ಸಭೆ ಮಾತ್ರ ಕನ್ನಡದಲ್ಲಿ. ನನ್ನ ಗಂಡ ಅಧ್ಯಕ್ಷರು. ಮೇಲಿನ ಮಹಡಿಯ ಮೈಸೂರಿನ ಇಂಜಿನಿಯರ್ ಕಾರ್ಯದರ್ಶಿ, ನಡವಳಿ ಪುಸ್ತಕ ಬರೆಯುವುದು ಅವರ ಕೆಲಸ.

ಏಳು ಜನರಲ್ಲಿ ಮೂವರು ಬಾರದೆ ಸಭೆ ಆರಂಭವಾಗಕೂಡದು. ಅದು ಕೋರಂ. ಹೇಳಿದ ಹೊತ್ತಿಗೆ ಕೋರಂ ಆಗದಿದ್ದರೆ ಅರ್ಧ ಗಂಟೆ ಕಾಯುವುದು, ಆಮೇಲೆ ಮುಂದೂಡುವುದು. ಆ ಅರ್ಧ ಗಂಟೆಯಲ್ಲಿ ಬಂದವರು ಮಾತಾಡಬಾರದು ಎಂಬುದು ಮಾತ್ರ ಪುಸ್ತಕದಲ್ಲಿಲ್ಲ. ಅದು ಇವರೇ ಸೇರಿಸಿದ ನಿಯಮ. "ಬೆಂಗಳೂರಲ್ಲಿ ನಾನು ನೋಡಿದ್ದೇನೆ. ಕಾಯುವಾಗ ಇಬ್ಬರು ಕೂತು ಚಾ ಕುಡಿಯುತ್ತಾ ಎಲ್ಲ ತೀರ್ಮಾನ ಮಾಡಿ ಬಿಡ್ತಾರೆ. ಮೂರನೆಯವ ಬರುವುದು ಕೈ ಎತ್ತುವುದಕ್ಕೆ" ಎನ್ನುತ್ತಿದ್ದರು. ಅದಕ್ಕಾಗಿ ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಗಲ್ಲ ಎದೆಗೆ ತಾಗಿಸಿ ಕೂರುತ್ತಿದ್ದರು. ಎದುರಿನವರೂ ಸುಮ್ಮನೆ ಕೂರಬೇಕು.

ಹೆಚ್ಚಾಗಿ ಕಾಯಬೇಕಾಗುತ್ತಿದ್ದದ್ದು ಒಬ್ಬರಿಗಾಗಿ. ಉಳ್ಳಾಲದ ಕಡೆಯವರು, ಕ್ಲಿನಿಕ್ಕೊಂದರ ಲ್ಯಾಬಿನಲ್ಲಿ ಕೆಲಸ. ಮೆಟ್ಟಿಲಿನಿಂದಲೇ ಅವರ ಸ್ವರ ಕೇಳುತ್ತಿತ್ತು.

"ಯಲ್ಲಾ, ಕೋರಂ ಬಂತು! ಎಂತ ಸಾಹೇಬ್ರೆ, ನಾನು ಬರದಿದ್ರೆ ನಿಮ್ಮ ಸಭೆಯೇ ಇಲ್ಲ ಅಲ್ವಾ?"

"ಕೋರಂಗೆ ಮೊದಲು ಒಂದು ಗಡಿಯಾರ ತೆಗೆದು ಕೊಡಬೇಕು" ಎನ್ನುತ್ತಿದ್ದರು ಇವರು, ಕಣ್ಣು ತೆರೆಯದೆ.

"ಕೊಟ್ರೆ ಅದೂ ಲೇಟಾಗೇ ಓಡತ್ತೆ ಬಿಡಿ ಸಾರ್" ಎಂದು ಕಾರ್ಯದರ್ಶಿ.

ಮದುವೆಯಾದ ಹೊಸತರಲ್ಲಿ ಒಮ್ಮೆ ಸಭೆಯ ನಡುವೆ ಚಾ ತೆಗೆದುಕೊಂಡು ಹೋಗಿದ್ದೆ. ಇವರು ಅಂಗೈ ಎತ್ತಿದರು, ಅಷ್ಟೇ. ಬೈಯಲಿಲ್ಲ. ಎಲ್ಲರೂ ಹೋದ ಮೇಲೆ, ಸಮಿತಿ ಕೂತಿರುವಾಗ ಸದಸ್ಯರಲ್ಲದವರು ಕೋಣೆಯೊಳಗೆ ಇರಬಾರದು ಎಂದು ವಿವರಿಸಿದರು. ಹೆಂಡತಿಯೂ ಸದಸ್ಯಳಲ್ಲ. ಅಲ್ಲಿಂದ ನಾನು ಪರದೆ ದಾಟಲಿಲ್ಲ. ಎಲ್ಲ ಮುಗಿದ ಮೇಲೆ ಇವರು ಸ್ವಲ್ಪ ಗಟ್ಟಿಯಾಗಿ "ಸಭೆ ಮುಗಿಯಿತು" ಎನ್ನುತ್ತಿದ್ದರು. ಅದು ನನಗೆ ಕೊಡುವ ಕರೆ. ಆಮೇಲೆ ಚಾ.

ಆ ಶುಕ್ರವಾರ ಬೇಸಿಗೆಯ ರಜೆಗೆ ನಾಲ್ವರು ಊರಿಗೆ ಹೋಗಿದ್ದರು. ಉಳಿದವರು ಸರಿಯಾಗಿ ಮೂವರು. ಸಭೆ ನಾಲ್ಕೂವರೆಗೆ. ಕಾರ್ಯದರ್ಶಿ ಹೊತ್ತಿಗೆ ಸರಿಯಾಗಿ ಬಂದರು, ಲ್ಯಾಬಿನವರು ಬರಲಿಲ್ಲ. "ಕಾಯೋಣ" ಎಂದರು ಇವರು. ನಾನು ಕೇಳಿದ ಅವರ ಕೊನೆಯ ಮಾತು ಅದು.

ನಾನು ಗೋಳಿಬಜೆ ಕರಿಯುತ್ತಿದ್ದೆ. ಎರಡನೆಯ ಸಲ ಹಿಟ್ಟು ಬಿಟ್ಟು, ಗಡಿಯಾರ ನೋಡಿದೆ. ನಾಲ್ಕು ಮೂವತ್ತೈದು. ಪರದೆಯ ಅಂಚಿನಿಂದ ಇಣುಕಿದೆ. ಇವರು ಎಂದಿನಂತೆ ಕಣ್ಣು ಮುಚ್ಚಿ ಕೂತಿದ್ದರು. ನಾನು ನೋಡುತ್ತಿರುವಾಗಲೇ ಕುರ್ಚಿಯ ಕೈ ಮೇಲಿದ್ದ ಅವರ ಕೈ ಮೆಲ್ಲಗೆ ಜಾರಿ ಕೆಳಗೆ ನೇತಾಡಿತು. ಗಡಿಯಾರ ಜಮಖಾನೆಯ ಮೇಲೆ ಬಿತ್ತು, ಸದ್ದಾಗಲಿಲ್ಲ. ಕಾರ್ಯದರ್ಶಿ ತಲೆ ತಗ್ಗಿಸಿ ಮೊಬೈಲು ನೋಡುತ್ತಿದ್ದರು. ಇವರಿಗೆ ನಿದ್ದೆ ಹತ್ತಿತು ಎಂದುಕೊಂಡೆ. ಅಧ್ಯಕ್ಷರೇ ನಿದ್ದೆ ಮಾಡುವುದನ್ನು ಕಾರ್ಯದರ್ಶಿ ನೋಡಿಬಿಟ್ಟರೆ ಎಂದು ನಾಚಿಕೆಯಾಯಿತು. ಕರೆಯಲೇ ಎನಿಸಿತು. ಎತ್ತಿದ ಅಂಗೈ ನೆನಪಾಯಿತು. ಬಾಣಲೆಯಲ್ಲಿ ಗೋಳಿಬಜೆ ಕೆಂಪಾಗುತ್ತಿತ್ತು. ವಾಪಸು ಬಂದೆ.

ಐದಕ್ಕೆ ಐದು ನಿಮಿಷ ಇರುವಾಗ ಮೆಟ್ಟಿಲಿನಿಂದ ಕೂಗು ಬಂತು. "ಯಲ್ಲಾ, ಕೋರಂ ಬಂತು!" ಉತ್ತರ ಬರಲಿಲ್ಲ. ಮತ್ತೆ ಅದೇ ಸ್ವರ, ಬೇರೆ ರೀತಿ. "ಸಾಹೇಬ್ರೆ. ಸಾಹೇಬ್ರೆ. ಅಯ್ಯೋ, ಇವರಿಗೆ ಎಂತ ಆಗಿದೆ ಮಾರಾಯ್ರೆ?"

ಹೃದಯ ನಿಂತು ಸ್ವಲ್ಪ ಹೊತ್ತಾಗಿತ್ತು ಎಂದರಂತೆ ಆಸ್ಪತ್ರೆಯಲ್ಲಿ. ಎಷ್ಟು ಹೊತ್ತು ಎಂದು ಯಾರೂ ಕೇಳಲಿಲ್ಲ. ಇಲ್ಲಿಯೇ ಮಣ್ಣಾಯಿತು. ಗಂಡಸರು ಹೋಗಿ ಬಂದರು. ಅವರು ಮಲಗಿರುವ ಜಾಗವನ್ನು ನಾನು ನೋಡಿಲ್ಲ. ನನಗೆ ಗೊತ್ತಿರುವ ಜಾಗ ಆ ಕುರ್ಚಿ ಒಂದೇ.

ಮದೀನಾದ ಹೋಟೆಲಿನಲ್ಲಿ ಕೆಲಸ ಮಾಡುವ ನನ್ನ ತಮ್ಮ ಬಂದು ನನ್ನ ಜೊತೆ ನಿಂತ. ಗಂಡ ತೀರಿದವಳು ಮನೆಯಲ್ಲೇ ಇರಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಇಲ್ಲೇ ಕಳೆದು ಊರಿಗೆ ಹೋಗುವುದು ಎಂದಾಯಿತು. ಹಗಲು ಹೇಗೋ ಹೋಗುತ್ತಿತ್ತು. ಶುಕ್ರವಾರ ಮಾತ್ರ ಅಸರ್ ಆದೊಡನೆ ಆ ಸುಮ್ಮನೆ ಬಂದು ಮುಂದಿನ ಕೋಣೆಯಲ್ಲಿ ಕೂರುತ್ತಿತ್ತು. "ಸಭೆ ಮುಗಿಯಿತು" ಎನ್ನುವುದನ್ನು ಅವರು ಹೇಳಿಲ್ಲವಲ್ಲ, ಹೇಳದೆ ನಾನು ಹೇಗೆ ಒಳಗೆ ಹೋಗಲಿ ಎಂದು ನಿಂತೇ ಇರುತ್ತಿದ್ದೆ. ಆ ಕೋಣೆ ಗುಡಿಸಿದ್ದು ತಮ್ಮ. ನಾನಲ್ಲ.

ಮೂರನೆಯ ತಿಂಗಳಲ್ಲಿ ಕಾರ್ಯದರ್ಶಿ ಫೋನು ಮಾಡಿದರು. "ಅಕ್ಕಾ, ಆವತ್ತಿನ ನಡವಳಿ ಇನ್ನೂ ಬರೆದಿಲ್ಲ. ಪುಟ ಖಾಲಿ ಬಿಡೋ ಹಾಗಿಲ್ಲ ಅಂತ ಸಾರ್ ಹೇಳ್ತಿದ್ರು. ಏನ್ ಬರೀಲಿ ಅಂತ ಕೈ ಓಡ್ತಿಲ್ಲ. ಇನ್ನೊಂದು ವಿಷಯ. ನಮ್ಮ ಲ್ಯಾಬಿನವರು ರಾಜೀನಾಮೆ ಕೊಟ್ಟಿದ್ದಾರೆ."

"ಯಾಕೆ?"

"ಮಧ್ಯಾಹ್ನ ಮಲಗಿಬಿಟ್ಟಿದ್ರಂತೆ ಅಕ್ಕಾ. ಹೊತ್ತಿಗೆ ಬಂದಿದ್ರೆ ಸಭೆ ಶುರುವಾಗ್ತಿತ್ತು, ಸಾರ್ ಮಾತಾಡ್ತಿದ್ರು, ಸುಸ್ತಾಗಿದ್ದು ಗೊತ್ತಾಗ್ತಿತ್ತು, ಆಸ್ಪತ್ರೆಗೆ ಕರ್ಕೊಂಡು ಹೋಗ್ಬಹುದಿತ್ತು ಅಂತಾರೆ. ನಾನೇ ಕೊಂದೆ ಅಂತಾರೆ. ಸರಿಯಾಗಿ ಊಟಾನೂ ಮಾಡ್ತಿಲ್ಲ."

ಫೋನು ಇಟ್ಟ ಮೇಲೆ ನಾನು ಬಹಳ ಹೊತ್ತು ಅಡುಗೆಮನೆಯ ಗಡಿಯಾರ ನೋಡುತ್ತಾ ಕೂತೆ. ನಾಲ್ಕು ಮೂವತ್ತೈದರಿಂದ ಐದಕ್ಕೆ ಐದರವರೆಗಿನ ಇಪ್ಪತ್ತು ನಿಮಿಷ ಯಾರದ್ದು ಎಂದು ಗೊತ್ತಿದ್ದವಳು ನಾನೊಬ್ಬಳೇ. ಅದನ್ನು ಹೇಳದಿದ್ದರೆ ಆ ಮನುಷ್ಯ ತನ್ನದೆಂದು ಹೊತ್ತುಕೊಂಡು ಹೋಗುತ್ತಾರೆ. ಹೇಳಿದರೆ ಅದು ನನ್ನ ಮೇಲೆ ಬರುತ್ತದೆ, ಪುಸ್ತಕದಲ್ಲಿ ಉಳಿಯುತ್ತದೆ. ಮಾರನೆಯ ದಿನ ತಮ್ಮನ ಕೈಯಲ್ಲಿ ಹೇಳಿ ಕಳಿಸಿದೆ: ಸಭೆ ಇಲ್ಲಿಯೇ ಆಗಲಿ, ಪರದೆ ಇದೆಯಲ್ಲ.

ಮುಂದಿನ ಶುಕ್ರವಾರ ಮೊದಲು ಬಂದವರು ಲ್ಯಾಬಿನವರು. ಅರ್ಧ ಗಂಟೆ ಮೊದಲೇ. ಮೆಟ್ಟಿಲಿನಲ್ಲಿ ಕೂಗಿಲ್ಲ. ಆಮೇಲೆ ಕಾರ್ಯದರ್ಶಿ, ಮತ್ತೆ ರಜೆಯಿಂದ ಮರಳಿದ್ದ ಇನ್ನೊಬ್ಬ ಸದಸ್ಯರು, ಇಲ್ಲೇ ಅಂಗಡಿ ಇಟ್ಟಿರುವ ಭಟ್ಕಳದ ಹಿರಿಯರು. ಅಧ್ಯಕ್ಷರಿಲ್ಲದಾಗ ಬಂದವರಲ್ಲೇ ಒಬ್ಬರನ್ನು ಆ ದಿನದ ಸಭೆಗೆ ಆರಿಸಿಕೊಳ್ಳಬೇಕು. ಹಿರಿಯರನ್ನು ಆರಿಸಿದರು. ಅವರು ಇವರ ಕುರ್ಚಿಯಲ್ಲಿ ಕೂರಲು ಒಪ್ಪದೆ ದಿವಾನಿನ ಮೇಲೆ ಕೂತರು. ಕಾರ್ಯದರ್ಶಿ ರಾಜೀನಾಮೆ ಪತ್ರ ಓದತೊಡಗಿದರು. "ನನ್ನ ವಿಳಂಬದ ಕಾರಣದಿಂದ..." ಎಂಬಲ್ಲಿಗೆ ಬಂದಾಗ ನಾನು ಪರದೆಯ ಹತ್ತಿರ ಹೋಗಿ ಹೇಳಿದೆ.

"ನಾನು ಸಾಕ್ಷಿ ಹೇಳಬೇಕು."

ಹಿರಿಯರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. "ಎಂತ ಸಾಕ್ಷಿ ತಂಗಿ? ಇಲ್ಲಿ ಕೋರ್ಟು ಉಂಟಾ?"

"ಸಮಿತಿ ಬೇಕಾದವರನ್ನು ಸಾಕ್ಷಿಗೆ ಕರೆಯಬಹುದು. ಮೊದಲು ಅಧ್ಯಕ್ಷರು ಪ್ರಶ್ನೆ ಕೇಳಬೇಕು. ಆಮೇಲೆ ಉಳಿದವರು. ಪುಸ್ತಕದಲ್ಲಿದೆ."

"ಅಲ್ಲಾಹ್... ಸರಿ, ಕೇಳಿದೆ. ಹೇಳು."

ಹೇಳಿದೆ. ಗೋಳಿಬಜೆ, ಗಡಿಯಾರ, ಜಾರಿದ ಕೈ, ಜಮಖಾನೆ. ನಿದ್ದೆ ಎಂದುಕೊಂಡದ್ದು. ವಾಪಸು ಹೋದದ್ದು. "ಲ್ಯಾಬಿನವರು ಬರುವುದಕ್ಕೆ ಇಪ್ಪತ್ತು ನಿಮಿಷ ಮೊದಲೇ ಆಗಿತ್ತು. ಹೊತ್ತಿಗೆ ಬಂದಿದ್ದರೂ ಐದು ನಿಮಿಷ ಮಾತಾಡುತ್ತಿದ್ದಿರಿ, ಅಷ್ಟೇ. ಕಣ್ಣಾರೆ ನೋಡಿದ್ದು ನಾನು. ಕರೆಯದೆ ಇದ್ದದ್ದೂ ನಾನು."

"ಬಾಬಿ, ಹಾಗೆಲ್ಲ ಹೇಳ್ಬೇಡಿ" ಎಂದರು ಲ್ಯಾಬಿನವರು. "ನನ್ನನ್ನು ಉಳಿಸ್ಲಿಕ್ಕೆ ಹೇಳ್ತಿದ್ದೀರಿ ನೀವು."

"ಆಣೆ ಮಾಡಿ ಹೇಳುತ್ತೇನೆ."

ಕಾರ್ಯದರ್ಶಿ ತಡೆದು ತಡೆದು ಮಾತಾಡಿದರು. "ಅಕ್ಕಾ, ಎರಡು ಮಾರು ದೂರದಲ್ಲಿ ಕೂತಿದ್ದೋನು ನಾನು. ಮಗಳು ಕಳಿಸಿದ ವಿಡಿಯೋ ನೋಡ್ತಾ ಇದ್ದೆ, ಸೌಂಡ್ ಆಫ್ ಮಾಡ್ಕೊಂಡು. ತಲೆ ಎತ್ತಿದ್ರೆ ಸಾರ್ ಬೈತಾರೆ ಅಂತ ಎತ್ತಲೇ ಇಲ್ಲ."

ಸಾಕ್ಷಿಯ ಹೇಳಿಕೆಯನ್ನು ಸಾಕ್ಷಿಗೆ ತೋರಿಸಿ ತಿದ್ದಿಸಿಕೊಳ್ಳಬೇಕು. ಕಾರ್ಯದರ್ಶಿ ಬರೆದು ಓದಿದರು. ಎಲ್ಲ ಇತ್ತು. ಆದರೆ "ಸಾಕ್ಷಿ ಇಣುಕಿದಾಗ ಅಧ್ಯಕ್ಷರು ಮಲಗಿದಂತೆ ಕಂಡರು" ಎಂಬಲ್ಲಿಗೆ ನನ್ನ ಮಾತು ಮುಗಿದಿತ್ತು.

"ನೋಡಿ ವಾಪಸು ಹೋದೆ ಎಂದು ಸೇರಿಸಿ."

"ಅದು ಬೇಡ ಅಕ್ಕಾ."

"ಬೇಡವೇ ಬೇಡ" ಎಂದರು ಲ್ಯಾಬಿನವರೂ.

ಹಿರಿಯರು ಗಂಟಲು ಸರಿಪಡಿಸಿಕೊಂಡರು. "ನೀವಿಬ್ಬರೂ ಸ್ವಲ್ಪ ಸುಮ್ಮನಿರಿ ಮಾರಾಯ್ರೆ. ಅವಳು ಹೇಳಿದ್ದನ್ನು ತೆಗೀಲಿಕ್ಕೆ ನಾವು ಯಾರು? ಬರೀರಿ. ಅದರ ಕೆಳಗೆ ಇದೂ ಬರೀರಿ. ಆ ದಿನ ಈ ಸಮಿತಿಯವರು ಯಾರಿದ್ರೂ ಹಾಗೇ ಮಾಡ್ತಿದ್ರು. ನಾನಿದ್ರೂ ಸುಮ್ಮನೇ ಕೂರ್ತಿದ್ದೆ. ಸಾಹೇಬ್ರು ಅಂದ್ರೆ ಅಷ್ಟು ಹೆದರಿಕೆ ನಮಗೆ, ಅಷ್ಟು ಮರ್ಯಾದೆ."

ಪೆನ್ನಿನ ಸದ್ದು ಕೇಳಿತು. ರಾಜೀನಾಮೆಯ ಬಗ್ಗೆ ಹಿರಿಯರು ಕೇಳಿದಾಗ "ಅದನ್ನು ವಾಪಸು ಕೊಡಿ" ಎಂದರು ಲ್ಯಾಬಿನವರು. ಕಾಗದ ಮಡಚಿದ ಸದ್ದು ಬಂತು, ಆಮೇಲೆ ಮೂಗು ಒರೆಸಿಕೊಂಡದ್ದು. ನಡವಳಿ ಪುಸ್ತಕ ಪರದೆಯ ಅಡಿಯಿಂದ ನನ್ನ ಕಡೆ ಬಂತು. ಸಹಿ ಮಾಡಿದೆ. ಆ ಪುಟದ ಹಿಂದಿನ ಪುಟದಲ್ಲಿ ಇವರ ಸಹಿ ಇತ್ತು, ಬಾಲ ಉದ್ದ ಎಳೆದದ್ದು. ಅದರ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತೆ. ಅವರು ಕಾದರು.

ಪುಸ್ತಕ ವಾಪಸು ಹೋದ ಮೇಲೆ ಹಿರಿಯರು, ಕುರ್ಚಿಯಲ್ಲಿ ಕೂರದ ಆ ದಿನದ ಅಧ್ಯಕ್ಷರು, ಹೊರಡುವ ಗಡಿಬಿಡಿಯಲ್ಲಿ, ಅದು ಯಾರಿಗೆ ಏನು ಎಂದು ತಿಳಿಯದೆ ಹೇಳಿದರು: "ಹಾಂ, ಹಾಗಾದ್ರೆ ಸಭೆ ಮುಗಿಯಿತು."

ನಾನು ಒಲೆ ಹಚ್ಚಿದೆ. ಬೆಂಕಿಕಡ್ಡಿ ಎರಡು ಸಲ ಆರಿತು. ಚಾದ ತಟ್ಟೆಯನ್ನು ಪರದೆಯ ಹತ್ತಿರ ಇಟ್ಟಾಗ ತೆಗೆದುಕೊಂಡವರು ಲ್ಯಾಬಿನವರು. ಒಂದು ಗುಟುಕು ಕುಡಿದು, "ಬಾಬಿ, ಸಕ್ಕರೆ ಹಾಕ್ಲೇ ಇಲ್ಲ ನೀವು" ಎಂದರು. ಮತ್ತೆ, "ಪರವಾಗಿಲ್ಲ, ಇದೇ ಇರ್ಲಿ" ಎಂದು ಪೂರ್ತಿ ಕುಡಿದರು.

ಅವರೆಲ್ಲ ಹೋದ ಮೇಲೆ ತಮ್ಮ ಮಗ್ರಿಬ್‌ಗೆ ಹೊರಟ. ನಾನು ಪರದೆ ಸರಿಸಿ ಮುಂದಿನ ಕೋಣೆಗೆ ಹೋದೆ. ಎ.ಸಿ. ನಡೆಯುತ್ತಿತ್ತು. ಆ ಸುಮ್ಮನೆ ಅಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಕುರ್ಚಿಯ ಪಕ್ಕದಲ್ಲಿ, ಅವರ ಕೈ ನೇತಾಡಿದ ಜಾಗದಲ್ಲಿ ಜಮಖಾನೆಯ ಮೇಲೆ ಕೂತೆ. "ಏಳಿ" ಎಂದೆ, ಆ ದಿನ ಹೇಳದೆ ಉಳಿದ ಮಾತು. ಎರಡು ಸಲ ಹೇಳಿದೆ. ಬೇರೆ ಏನೂ ಹೇಳಲು ತೋಚಲಿಲ್ಲ. ಆಜಾನ್ ಕೇಳಿದ ಮೇಲೆ ಎದ್ದು ಎ.ಸಿ. ನಿಲ್ಲಿಸಿದೆ.